ಆಟಗಾರನ ಕರಾರು

ನಾಲ್ಕು ವರ್ಷದ ಕರಾರಿಗೆ ಸಹಿ ಹಾಕಿದ ಕಾಲ್ಚೆಂಡಾಟಗಾರನೊಬ್ಬ ಎರಡನೆಯ ವರ್ಷದಲ್ಲೇ ಎಲ್ಲರನ್ನೂ ಮೀರಿಸಿ ಬೆಳೆದುನಿಂತರೆ, ಅವಧಿ ಮುಗಿಯುವ ಮುನ್ನವೇ ಸಂಬಳ ಹೆಚ್ಚಿಸಿರೆಂದು ಕೇಳುವುದು ನ್ಯಾಯವೋ ದುರಾಸೆಯೋ? ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಹುಟ್ಟಿದ ಈ ಚರ್ಚೆ ಈಗ ಕೊಳ್ಳೇಗಾಲದ ಬಸ್ ನಿಲ್ದಾಣಕ್ಕೂ ಸತ್ತೇಗಾಲದ ಟೀ ಅಂಗಡಿಗೂ ಬಂದು ಮುಟ್ಟಿದೆ. ಕೊಟ್ಟ ಮಾತಿಗೆ ತಪ್ಪಬಾರದು ಎನ್ನುವವರು ಒಂದು ಕಡೆ. ದುಡಿಮೆಗೆ ತಕ್ಕ ಕೂಲಿ ಸಲ್ಲಬೇಕು ಎನ್ನುವವರು ಇನ್ನೊಂದು ಕಡೆ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ. ಕೇಳುವ ಹಕ್ಕು ಅವನಿಗೆ ಉಂಟು. ಆದರೆ ಅದು ಒಬ್ಬ ಆಟಗಾರನ ಅದೃಷ್ಟವಾಗಿ ಉಳಿಯಬಾರದು. ತಂಡದ ಪ್ರತಿಯೊಬ್ಬನಿಗೂ ಕರಾರಿನಲ್ಲೇ ಬರೆದುಕೊಟ್ಟ ಹಕ್ಕಾಗಬೇಕು.

ಲಕ್ಷಗಟ್ಟಲೆ ಎಣಿಸಿಕೊಳ್ಳುವ ಆಟಗಾರನ ಚಿಂತೆ ಕೂಲಿಕಾರರ ಪತ್ರಿಕೆಗೆ ಏಕೆ ಎಂದು ಕೆಲವರು ಕೇಳಬಹುದು. ಕಬ್ಬು ಕಡಿಯುವವನ, ರೇಷ್ಮೆಗೂಡು ಬೆಳೆದು ಮಾರುಕಟ್ಟೆಯಲ್ಲಿ ಹರಾಜಿಗೆ ಕಾಯುವವನ ಬವಣೆಯ ಮುಂದೆ ಇದೇನು ದೊಡ್ಡದು? ಪ್ರಶ್ನೆ ಸರಿಯಾದದ್ದೇ. ಆದರೆ ದುಡಿಯುವವನ ಮುಂದೆ ಕಾಗದ ಚಾಚಿ, ಸಹಿ ಹಾಕಿಸಿಕೊಂಡು, ಆಮೇಲೆ ಅದನ್ನೇ ತೋರಿಸಿ ಬಾಯಿ ಮುಚ್ಚಿಸುವ ಪದ್ಧತಿ ಕ್ರೀಡಾಂಗಣದಲ್ಲಿ ಮಾತ್ರ ಇರುವುದಲ್ಲ. "ಸಹಿ ಮಾಡಿದ್ದೀಯ, ಮುಗಿಯಿತು" ಎಂಬ ಮಾತನ್ನು ನಮ್ಮ ಸೀಮೆಯ ಜೀತದಾಳು ಎಷ್ಟು ತಲೆಮಾರು ಕೇಳಲಿಲ್ಲ! ಆ ಹೆಬ್ಬೆಟ್ಟಿನ ಕಾಗದಕ್ಕೆ ಬೆಲೆಯಿಲ್ಲವೆಂದು ದೇಶ ಕಾನೂನು ಮಾಡಿದ್ದು 1976ರಲ್ಲಿ. ಆಟಗಾರನ ಕರಾರು ಜೀತವೆಂದು ನಾವು ಹೇಳುತ್ತಿಲ್ಲ; ಹಾಗೆ ಹೇಳುವುದು ನಿಜವಾಗಿ ಜೀತ ಮಾಡಿದವರಿಗೆ ಅವಮಾನ. ನಾವು ಹೇಳುವುದು ಇಷ್ಟೇ: ಸಹಿ ಬಿದ್ದಿದೆ ಎಂದಮಾತ್ರಕ್ಕೆ ನ್ಯಾಯದ ವಿಚಾರಣೆ ಮುಗಿಯುವುದಿಲ್ಲ. ಸಹಿ ಯಾವ ಸ್ಥಿತಿಯಲ್ಲಿ ಬಿತ್ತು, ಯಾರ ಕೈ ಮೇಲಿತ್ತು ಎಂಬುದನ್ನೂ ನೋಡಬೇಕು.

ಉದಾಹರಣೆಗೆ, ಸತ್ತೇಗಾಲದ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಕ್ಲಬ್ಬೊಂದಕ್ಕೆ ಸೇರಿದನೆಂದು ಇಟ್ಟುಕೊಳ್ಳಿ. ಅವನಿಗೆ ವಕೀಲರಿಲ್ಲ; ಮನೆಯಲ್ಲಿ ಸಾಲವಿದೆ; ಇವನಿಲ್ಲದಿದ್ದರೆ ಇನ್ನೊಬ್ಬ ಎನ್ನುವ ಸ್ಥಿತಿಯಲ್ಲಿ ಕ್ಲಬ್ಬಿದೆ. ಅವನು ಯಾವ ಸಂಬಳಕ್ಕಾದರೂ ಒಪ್ಪುತ್ತಾನೆ. ಎರಡು ವರ್ಷದ ಮೇಲೆ ಅವನ ಆಟ ನೋಡಲೆಂದೇ ಜನ ಚೀಟಿ ಕೊಳ್ಳುತ್ತಾರೆ, ಅವನ ಅಂಗಿಯ ಮೇಲೆ ಜಾಹೀರಾತು ಮಾರಾಟವಾಗುತ್ತದೆ. ಹೆಚ್ಚಿದ ಆದಾಯ ಪೂರ್ತಿ ಕ್ಲಬ್ಬಿಗೆ. ಅವನಿಗೆ ಹಳೆಯ ಸಂಬಳ. ಮಂಡಿ ಜಾರಿದರೆ ಮಾತ್ರ ನೋವು ಪೂರ್ತಿ ಅವನದೇ. ಕಾಲ್ಚೆಂಡಾಟಗಾರನ ದುಡಿಮೆಯ ಆಯುಸ್ಸು ಹನ್ನೆರಡು ಹದಿನೈದು ವರ್ಷ; ಅದರಲ್ಲಿ ಅತ್ಯುತ್ತಮವಾದ ನಾಲ್ಕೈದು ವರ್ಷವನ್ನು ಹಳೆಯ ಬೆಲೆಗೆ ಕೊಟ್ಟರೆ ಮರಳಿ ಗಳಿಸುವ ಕಾಲವೇ ಇಲ್ಲ.

ಈ ಹೋರಾಟ ಇಂದಿನದಲ್ಲ. ಇಂಗ್ಲೆಂಡಿನಲ್ಲಿ 1961ರ ಜನವರಿಯವರೆಗೆ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಕೊಡಕೂಡದೆಂಬ ಕಟ್ಟಳೆಯಿತ್ತು. ಹತ್ತಾರು ಸಾವಿರ ಜನ ಸೇರುತ್ತಿದ್ದ ಪಂದ್ಯಗಳ ಹಣ ಎಲ್ಲಿ ಹೋಗುತ್ತಿತ್ತೆಂದು ಹೇಳಬೇಕಾಗಿಲ್ಲ. ಜಿಮ್ಮಿ ಹಿಲ್ ಅಧ್ಯಕ್ಷರಾಗಿದ್ದ ಆಟಗಾರರ ಸಂಘ ಮುಷ್ಕರದ ನಿರ್ಧಾರ ಮಾಡಿದ ಮೇಲೆಯೇ ಆ ಕಟ್ಟಳೆ ಬಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಕರಾರು ಮುಗಿದ ಮೇಲೂ ಕ್ಲಬ್ಬು ಆಟಗಾರನನ್ನು ಬೇರೆ ಕಡೆ ಹೋಗದಂತೆ ಹಿಡಿದಿಟ್ಟುಕೊಳ್ಳಬಹುದಾಗಿತ್ತು. ನ್ಯೂಕ್ಯಾಸಲ್ ಕ್ಲಬ್ಬಿನ ಜಾರ್ಜ್ ಈಸ್ಟ್‌ಹ್ಯಾಮ್ ಅದನ್ನು ಕೋರ್ಟಿಗೆಳೆದರು. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸ್ ಅದು ದುಡಿಯುವವನ ಸ್ವಾತಂತ್ರ್ಯಕ್ಕೆ ನ್ಯಾಯವಲ್ಲದ ಅಡ್ಡಿಯೆಂದು ತೀರ್ಪು ಕೊಟ್ಟರು. ಬೆಲ್ಜಿಯಂನ ಬೋಸ್ಮನ್ ಎಂಬ ಆಟಗಾರ ಯೂರೋಪಿನ ನ್ಯಾಯಾಲಯದಲ್ಲಿ 1995ರ ಡಿಸೆಂಬರ್ 15ರಂದು ಗೆದ್ದ ಮೇಲೆ, ಕರಾರು ಮುಗಿದವನು ಹಣದ ತಡೆಯಿಲ್ಲದೆ ಇನ್ನೊಂದು ಕ್ಲಬ್ಬಿಗೆ ಹೋಗುವಂತಾಯಿತು.

ಅಲ್ಲಿಂದ ಲೆಕ್ಕವೇ ಬದಲಾಯಿತು. ಅವಧಿ ಮುಗಿದರೆ ಒಳ್ಳೆಯ ಆಟಗಾರ ಕೈ ಬಿಟ್ಟು ಹೋಗುತ್ತಾನೆಂಬ ಭಯದಿಂದ ಕ್ಲಬ್ಬುಗಳೇ ಮುಂಚಿತವಾಗಿ ಕರಾರು ಬಿಚ್ಚತೊಡಗಿದವು. ಬಾರ್ಸಿಲೋನಾ ಕ್ಲಬ್ಬು 2026ರವರೆಗೆ ಕರಾರಿದ್ದ ಲಮೀನ್ ಯಮಾಲ್ ಎಂಬ ಹದಿನೇಳರ ಹುಡುಗನೊಡನೆ 2025ರ ಮೇ ತಿಂಗಳಲ್ಲೇ 2031ರವರೆಗೆ ಹೊಸ ಕರಾರು ಮಾಡಿಕೊಂಡಿತು. ಮ್ಯಾಂಚೆಸ್ಟರ್ ಸಿಟಿ ಕ್ಲಬ್ಬು 2027ರವರೆಗೆ ಇದ್ದ ಹಾಲಂಡ್‌ನ ಕರಾರನ್ನು 2025ರ ಜನವರಿಯಲ್ಲೇ 2034ಕ್ಕೆ ವಿಸ್ತರಿಸಿತು. ಇಲ್ಲಿ ಯಾರೂ "ಮಾತಿಗೆ ತಪ್ಪಿದರು" ಎನ್ನಲಿಲ್ಲ. ಮಾಲೀಕನಿಗೆ ಲಾಭವಿದ್ದಾಗ ಅವಧಿಗೆ ಮುಂಚಿನ ಮಾತುಕತೆ ದೂರದೃಷ್ಟಿ. ಆಟಗಾರ ಬಾಯಿ ಬಿಟ್ಟಾಗ ಮಾತ್ರ ಅದು ದುರಾಸೆ! ಇದೆಂಥ ನ್ಯಾಯ?

ನಮ್ಮ ನಾಡಿನ ಕಥೆಗೆ ಬರೋಣ. ಕಾಲ್ಚೆಂಡು ಕನ್ನಡ ನಾಡಿಗೆ ಹೊಸದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಭಾರತದ ಪರವಾಗಿ ಫ್ರಾನ್ಸಿನ ಮೇಲೆ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ "ಪಂಚ ಪಾಂಡವ"ರಲ್ಲಿ ಒಬ್ಬರೆನಿಸಿದ ಅಹಮದ್ ಖಾನ್ ಬೆಂಗಳೂರಿನವರು. ಮೈಸೂರು ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಸಲ ಗೆದ್ದಿತು, ಕೊನೆಯದು 1968-69ರಲ್ಲಿ. ಆಮೇಲೆ ಮತ್ತೆ ಗೆಲ್ಲಲು 2023ರ ಮಾರ್ಚ್ ಬರಬೇಕಾಯಿತು. ಆ ನಡುವಿನ ಕಾಲದಲ್ಲಿ ಬೆಂಗಳೂರಿನ ಆಟಗಾರನನ್ನು ಸಾಕಿದ್ದು ಎಚ್.ಎ.ಎಲ್., ಐ.ಟಿ.ಐ. ಮುಂತಾದ ಸರ್ಕಾರಿ ಕಾರ್ಖಾನೆಗಳು. ಅಲ್ಲಿ ಸಂಬಳ ದೊಡ್ಡದಿರಲಿಲ್ಲ. ಆದರೆ ಕಾಲು ಸೋತ ಮೇಲೂ ಕೆಲಸ ಉಳಿಯುತ್ತಿತ್ತು. ಹೊಸ ಕಾಲದ ಕ್ಲಬ್ಬು ಸಂಬಳ ಹೆಚ್ಚಿಸಿತು, ಆ ಭದ್ರತೆಯನ್ನು ತೆಗೆದುಹಾಕಿತು. ಭದ್ರತೆಯ ಬದಲು ಕರಾರನ್ನು ಕೊಟ್ಟಿದ್ದೇವೆ ಎನ್ನುವುದಾದರೆ ಆ ಕರಾರಾದರೂ ಗಟ್ಟಿಯಿರಬೇಡವೆ?

ಗಟ್ಟಿಯಿರಲಿಲ್ಲವೆಂಬುದು 2025ರಲ್ಲಿ ಬಯಲಾಯಿತು. ಇಂಡಿಯನ್ ಸೂಪರ್ ಲೀಗನ್ನು ನಡೆಸುತ್ತಿದ್ದ ರಿಲಯನ್ಸ್ ಬಳಗದ ಸಂಸ್ಥೆಗೂ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿಗೂ 2010ರಲ್ಲಿ ಆಗಿದ್ದ ಹದಿನೈದು ವರ್ಷದ ಒಪ್ಪಂದ ಡಿಸೆಂಬರಿನಲ್ಲಿ ಮುಗಿಯಲಿತ್ತು. ಹೊಸ ಒಪ್ಪಂದ ಆಗಲಿಲ್ಲ. ಜುಲೈ ತಿಂಗಳಲ್ಲಿ ಲೀಗನ್ನು ತಡೆಹಿಡಿಯಲಾಯಿತು. ಆಗಸ್ಟ್ 4ರಂದು ಬೆಂಗಳೂರು ಎಫ್.ಸಿ. ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳ ಕೆಲಸ ನಿಲ್ಲದೆಂದೂ ಹೇಳಿತು. ಈ ಕ್ಲಬ್ಬಿನ ಒಡೆತನ ತೋರಣಗಲ್ಲಿನಲ್ಲಿ ಉಕ್ಕು ಮಾಡುವ ಜೆ.ಎಸ್.ಡಬ್ಲ್ಯು. ಬಳಗದ್ದು; ಬಡ ಸಂಸ್ಥೆಯಲ್ಲ. ಲೀಗ್ ಇಲ್ಲದೆ ಆದಾಯವಿಲ್ಲ ಎಂಬ ಅದರ ಕಷ್ಟ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಆಟಗಾರನ ಕೈಯಲ್ಲಿದ್ದದ್ದೂ ಸಹಿ ಬಿದ್ದ ಕರಾರೇ ತಾನೆ? ಕಾಲ ಕೆಟ್ಟಿತೆಂದು ಮಾಲೀಕ ಕರಾರನ್ನು ಬದಿಗಿಡಬಹುದಾದರೆ, ಕಾಲ ಒಳ್ಳೆಯದಾಯಿತೆಂದು ಆಟಗಾರ ಅದರ ಮೇಲೆ ಮಾತಾಡಬಾರದೇಕೆ?

ಅದರ ಮರುದಿನ, ಆಗಸ್ಟ್ 5ರಂದು, ರಾಜ್ಯದ ಸಾರಿಗೆ ನೌಕರರು 38 ತಿಂಗಳ ಬಾಕಿಗಾಗಿಯೂ ವೇತನ ಪರಿಷ್ಕರಣೆಗಾಗಿಯೂ ಮುಷ್ಕರ ಹೂಡಿದರು. ಹೈಕೋರ್ಟಿನ ಆದೇಶದಿಂದ ಮುಷ್ಕರ ನಿಂತಿತು. ಆದರೆ ನಾಲ್ಕು ವರ್ಷಕ್ಕೊಮ್ಮೆ ವೇತನ ಪರಿಷ್ಕರಣೆ ಆಗಬೇಕೆಂಬ ಪದ್ಧತಿಯೊಂದು ಅವರಿಗಿದೆ. ಸರ್ಕಾರ ತಡ ಮಾಡಿದರೆ "ಕೊಡಿ" ಎಂದು ಕೇಳಲು ಆಧಾರವಿದೆ, ಕೇಳಲು ಸಂಘವಿದೆ. ಆಟಗಾರನ ಕರಾರಿನಲ್ಲಿ ಇಂಥ ಕಲಮು ಇಲ್ಲದಿರುವುದೇ ರೋಗದ ಮೂಲ.

ಕಲಮಿನ ಬೆಲೆ ಏನೆಂಬುದನ್ನು ಸತ್ತೇಗಾಲದವರಿಗೆ ದೂರದಿಂದ ಬಂದು ಯಾರೂ ಕಲಿಸಬೇಕಾಗಿಲ್ಲ. ಊರ ಮಗ್ಗುಲಲ್ಲಿ ಹರಿಯುವ ಕಾವೇರಿಯೇ ಸಾಕ್ಷಿ. 1924ರ ಫೆಬ್ರವರಿ 18ರಂದು ಮೈಸೂರಿಗೂ ಮದ್ರಾಸಿಗೂ ನೀರಿನ ಕರಾರು ಆದಾಗ ಕೊಳ್ಳೇಗಾಲ ತಾಲ್ಲೂಕು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಮೈಸೂರಿಗೆ ಸೇರಿದ್ದು 1956ರಲ್ಲಿ. ಬ್ರಿಟಿಷರ ಹಿಡಿತದಲ್ಲಿದ್ದ ಸಂಸ್ಥಾನ ಸರಿಸಮನಾಗಿ ಕೂತು ಮಾಡಿದ ಕರಾರು ಅದಲ್ಲವೆಂದು ಕರ್ನಾಟಕ ಹತ್ತಾರು ವರ್ಷ ವಾದಿಸಿತು. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಆ ವಾದವನ್ನು ಒಪ್ಪಲಿಲ್ಲ. ಆದರೆ ಐವತ್ತು ವರ್ಷದ ಮೇಲೆ ಮರುವಿಮರ್ಶೆ ಮಾಡಬಹುದೆಂದು ಅದೇ ಕರಾರಿನಲ್ಲಿ ಬರೆದಿತ್ತು. ಆದುದರಿಂದ ಅದರ ಕಟ್ಟು 1974ಕ್ಕೆ ಮುಗಿಯಿತೆಂದು ಹೇಳಿತು. ಬದಲಾದ ಅಗತ್ಯಗಳನ್ನು ತೂಗಿ, ಬೆಂಗಳೂರಿನ ಕುಡಿಯುವ ನೀರಿಗೆ 4.75 ಟಿ.ಎಂ.ಸಿ. ಸೇರಿದಂತೆ, ರಾಜ್ಯಕ್ಕೆ 14.75 ಟಿ.ಎಂ.ಸಿ. ನೀರನ್ನು ಹೆಚ್ಚಿಸಿತು. ಇದರ ಪಾಠ ಸ್ಪಷ್ಟ. ಅನ್ಯಾಯವಾಯಿತೆಂಬ ಕೂಗಿಗಿಂತ, ಮರಳಿ ನೋಡೋಣ ಎಂಬ ಒಂದು ಸಾಲು ಕರಾರಿನಲ್ಲಿದ್ದರೆ ಹೆಚ್ಚು ಕೆಲಸ ಮಾಡುತ್ತದೆ. ರಾಜ್ಯಗಳಿಗೆ ಬೇಕಾದ ಆ ಸಾಲು ಆಟಗಾರನಿಗೂ ಬೇಕು.

ಇನ್ನು ಎದುರುವಾದಗಳನ್ನು ನೋಡೋಣ. ಚೆನ್ನಾಗಿ ಆಡಿದರೆ ಸಂಬಳ ಏರಬೇಕೆಂದರೆ, ಕೆಟ್ಟದಾಗಿ ಆಡಿದರೆ ಇಳಿಯಬೇಡವೆ? ಈ ಮಾತಿನಲ್ಲಿ ತೂಕವಿದೆ. ಆದರೆ ಆಟಗಾರ ಬಿದ್ದಾಗ ಅವನನ್ನು ಬೆಂಚಿನ ಮೇಲೆ ಕೂರಿಸುವ, ಮಾರುವ, ಅವಧಿ ಮುಗಿದೊಡನೆ ಕೈಬಿಡುವ ಅಧಿಕಾರ ಕ್ಲಬ್ಬಿಗೆ ಆಗಲೇ ಇದೆ. ಆಟಗಾರನಿಗೆ ಅಂಥ ದಾರಿಗಳಿಲ್ಲ. ಅಲ್ಲದೆ ಅವಧಿಗೆ ಮುಂಚಿನ ಮಾತುಕತೆ ದಾನ ಬೇಡುವುದಲ್ಲ, ಕೊಡುಕೊಳ್ಳುವ ವ್ಯವಹಾರ. ಆಟಗಾರ ಇನ್ನೆರಡು ವರ್ಷ ಉಳಿಯುವ ಮಾತು ಕೊಡುತ್ತಾನೆ. ಕ್ಲಬ್ಬು ಸಂಬಳ ಹೆಚ್ಚಿಸುತ್ತದೆ. ಕ್ಲಬ್ಬಿಗೆ ಅದು ಬೇಡವಾದರೆ ಬೇಡವೆನ್ನಲಿ. ಅವಧಿ ಮುಗಿದ ದಿನ ಅವನು ಹೊರಟುಹೋದರೆ ಆಮೇಲೆ ಕೃತಘ್ನನೆಂದು ಬೈಯದಿರಲಿ.

ಕೇಳುವುದು ಬೇರೆ, ಕರಾರು ಮುರಿದು ಹೊರಡುವುದು ಬೇರೆ. ಅನ್ವರ್ ಅಲಿ ಎಂಬ ಒಳ್ಳೆಯ ರಕ್ಷಣಾ ಆಟಗಾರ 2024ರಲ್ಲಿ ಮೋಹನ್ ಬಗಾನ್ ಕರಾರು ಬಿಟ್ಟು ಈಸ್ಟ್ ಬೆಂಗಾಲಿಗೆ ಹೋದಾಗ, ಫೆಡರೇಷನ್ನಿನ ಸಮಿತಿ ಅವರಿಗೆ ನಾಲ್ಕು ತಿಂಗಳ ನಿಷೇಧ ಹಾಕಿ, 12.9 ಕೋಟಿ ರೂಪಾಯಿ ಪರಿಹಾರ ತೆರಬೇಕೆಂದಿತು. ವಿಷಯ ದೆಹಲಿ ಹೈಕೋರ್ಟಿಗೆ ಹೋಗಿ ಆ ಆದೇಶ ನಿಲ್ಲಲಿಲ್ಲ. ತಪ್ಪು ಯಾರದೆಂದು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಮಾತಾಡುವ ದಾರಿ ಇಲ್ಲದ ಕಡೆ ಓಡಿಹೋಗುವ ದಾರಿ ಹುಟ್ಟುತ್ತದೆಂಬುದನ್ನು ಎಲ್ಲರೂ ಗಮನಿಸಬೇಕು.

ನಮಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಆಕ್ಷೇಪ ಬೇರೊಂದು. ನಮ್ಮ ಲೀಗಿನಲ್ಲಿ ಪ್ರತಿ ಕ್ಲಬ್ಬಿನ ಸಂಬಳದ ಒಟ್ಟು ಮೊತ್ತಕ್ಕೆ ಒಂದು ಮಿತಿಯನ್ನು ಇಟ್ಟುಕೊಂಡು ಬರಲಾಗಿದೆ. ಕೆಲವು ವರ್ಷ ಅದು 16.5 ಕೋಟಿ ರೂಪಾಯಿ ಇತ್ತು. ತಪ್ಪಲೆಯಲ್ಲಿರುವ ಅನ್ನ ಅಷ್ಟೇ ಆದರೆ, ಒಬ್ಬನ ಎಲೆಗೆ ಹೆಚ್ಚು ಬಡಿಸಿದಾಗ ಇನ್ನೊಬ್ಬನ ಎಲೆಯಲ್ಲಿ ಕಡಿಮೆಯಾಗುತ್ತದೆ. ಗೋಲು ಹೊಡೆದವನು ಪ್ರಸಿದ್ಧನಾಗುತ್ತಾನೆ. ಚೆಂಡು ಕಿತ್ತು ಅವನ ಕಾಲಿಗೆ ತಲಪಿಸಿದವನ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಕಾಲ್ಚೆಂಡು ಹನ್ನೊಂದು ಜನರ ದುಡಿಮೆ. ಒಬ್ಬನ ಸಂಬಳ ಏರಿಸಿ ಆ ಹೊರೆಯನ್ನು ಮೀಸಲು ಆಟಗಾರನ ಮೇಲೂ ಮೈದಾನದ ಹುಲ್ಲು ನೋಡಿಕೊಳ್ಳುವವನ ಮೇಲೂ ಹಾಕುವುದಾದರೆ ಆ ಏರಿಕೆಯನ್ನು ನಾವು ಬೆಂಬಲಿಸಲಾರೆವು. ಪ್ರಸಿದ್ಧನಾದವನ ಮಾತಿಗೆ ಬೆಲೆಯುಂಟು; ಆ ಬೆಲೆಯನ್ನು ಅವನು ಜೊತೆಯವರಿಗಾಗಿಯೂ ಬಳಸಬೇಕು. 1961ರಲ್ಲಿ ಇಂಗ್ಲೆಂಡಿನಲ್ಲಿ ಗೆಲುವಾದದ್ದು ದೊಡ್ಡ ಆಟಗಾರರೂ ಸಣ್ಣ ಆಟಗಾರರೂ ಒಂದೇ ಸಂಘದಲ್ಲಿ ನಿಂತದ್ದರಿಂದ.

ಆದುದರಿಂದ ನಮ್ಮ ಸಲಹೆಗಳು ಇವು. ಮೊದಲನೆಯದಾಗಿ, ಎರಡು ವರ್ಷಕ್ಕಿಂತ ಉದ್ದದ ಪ್ರತಿ ಕರಾರಿನಲ್ಲೂ ಮರುವಿಮರ್ಶೆಯ ಕಲಮು ಇರಲಿ. ಇಷ್ಟು ಪಂದ್ಯ ಆಡಿದ ಮೇಲೆ ಸಂಬಳದ ಮಾತುಕತೆಗೆ ಕ್ಲಬ್ಬು ಕೂರಲೇಬೇಕೆಂದು ಬರೆದಿರಲಿ. ಎರಡನೆಯದಾಗಿ, ಹದಿನೆಂಟರ ಒಳಗಿನವರೊಡನೆ ಮೂರು ವರ್ಷಕ್ಕಿಂತ ಹೆಚ್ಚಿನ ಕರಾರು ಕೂಡದೆಂಬ ಫೀಫಾ ನಿಯಮವನ್ನು ಇಪ್ಪತ್ತೊಂದರವರೆಗೂ ನಮ್ಮಲ್ಲಿ ಅನ್ವಯಿಸಲಿ. ಮೂರನೆಯದಾಗಿ, ಎರಡು ತಿಂಗಳ ಸಂಬಳ ಬಾಕಿಯಾದರೆ ಹದಿನೈದು ದಿನದ ನೋಟೀಸು ಕೊಟ್ಟು ಆಟಗಾರ ಕರಾರಿನಿಂದ ಬಿಡುಗಡೆ ಪಡೆಯಬಹುದೆಂದು ಫೀಫಾ ಹೇಳುತ್ತದೆ. ಆದರೆ ಲೀಗೇ ಇಲ್ಲದ ಹೊತ್ತಿನಲ್ಲಿ ಬಿಡುಗಡೆ ಹೊಟ್ಟೆ ತುಂಬಿಸದು. ಕ್ಲಬ್ಬುಗಳು ಮೊದಲೇ ಠೇವಣಿಯಿಟ್ಟ ನಿಧಿಯೊಂದರಿಂದ ಸಂಬಳ ಸಲ್ಲುವಂತಾಗಲಿ. ನಾಲ್ಕನೆಯದಾಗಿ, ತಂಡದ ಕೊನೆಯ ಆಟಗಾರನಿಗೂ ಕನಿಷ್ಠ ಸಂಬಳ, ಗಾಯಕ್ಕೆ ವಿಮೆ ಗೊತ್ತಾಗಲಿ. ಇವನ್ನೆಲ್ಲ ಒಬ್ಬೊಬ್ಬರು ಬೇಡಿ ಪಡೆಯಲಾರರು; ಆಟಗಾರರ ಸಂಘದೊಡನೆ ಫೆಡರೇಷನ್ನು ಕೂತು ಸಾಮೂಹಿಕ ಒಪ್ಪಂದ ಮಾಡಬೇಕು.

ಮಿಂಚಿದ ಆಟಗಾರ ಅವಧಿಗೆ ಮುಂಚೆ ಹೆಚ್ಚು ಕೇಳಿದರೆ ಹುಬ್ಬು ಗಂಟಿಕ್ಕುವ ಅಭಿಮಾನಿಗಳಿಗೆ ಒಂದು ಮಾತು. ನೀವೂ ದುಡಿಯುವವರೇ. ನಿಮ್ಮ ಕಬ್ಬಿಗೆ ವರ್ಷವರ್ಷ ಬೆಲೆ ಪರಿಷ್ಕರಿಸಬೇಕೆಂದು ನೀವು ಕೇಳುತ್ತೀರಿ. ಹೋದ ವರ್ಷದ ದರಕ್ಕೇ ಒಪ್ಪಿದ್ದಿರಲ್ಲ ಎಂದು ಕಾರ್ಖಾನೆಯವರು ಹೇಳಿದರೆ ರಸ್ತೆಗೆ ಇಳಿಯುತ್ತೀರಿ. ಅದು ನ್ಯಾಯ. ಅದೇ ನ್ಯಾಯವನ್ನು ಆಟಗಾರನಿಗೂ ಕೊಡಿ. ಆಟಗಾರನೂ ತನ್ನ ಪಾಲು ಕೇಳುವಾಗ ಬೆಂಚಿನ ಮೇಲೆ ಕೂತವನನ್ನು ಮರೆಯದಿರಲಿ.