ಪಂಪ್ ಹೊಸದು, ಟ್ಯಾಂಕ್ ಎಷ್ಟು ಹಳೆಯದು?

ಹಟ್ಟಿಯಿಂದ ಲಿಂಗಸುಗೂರು, ಮಸ್ಕಿ ದಾಟಿ ಸಿಂಧನೂರಿನವರೆಗೆ ದಾರಿಯುದ್ದಕ್ಕೂ ಪಂಕ್ಚರ್ ಅಂಗಡಿಗಳಿವೆ. ಭತ್ತದ ಕೊಯ್ಲಿನ ಕಾಲದಲ್ಲಿ ಟ್ರ್ಯಾಕ್ಟರ್, ಲಾರಿ, ಕಟಾವು ಯಂತ್ರಗಳು ಸಾಲಾಗಿ ಬಂದು ನಿಂತರೆ ಕಂಪ್ರೆಸರ್‌ಗೆ ಬಿಡುವೇ ಇರುವುದಿಲ್ಲ. ಹೀಗೆ ದುಡಿದ ಯಂತ್ರದಲ್ಲಿ ಮೊದಲು ಸೋಲುವುದು ಪಂಪ್. ರಿಂಗ್ ಸವೆಯುತ್ತದೆ, ವಾಲ್ವ್ ಹೋಗುತ್ತದೆ, ಗಾಳಿಯ ಜೊತೆ ಎಣ್ಣೆ ಬರತೊಡಗುತ್ತದೆ. ಇಡೀ ಯಂತ್ರ ಕೊಳ್ಳುವ ಬದಲು ಹಳೆಯ ಟ್ಯಾಂಕಿನ ಮೇಲೆ ಹೊಸ ಪಂಪ್ ಕೂರಿಸುವುದು ಸಣ್ಣ ಅಂಗಡಿಯವರಿಗೆ ಸರಿಯಾದ ಲೆಕ್ಕವೇ. ಆದರೆ ಆ ಲೆಕ್ಕದಲ್ಲಿ ಟ್ಯಾಂಕಿನ ಪರೀಕ್ಷೆಗೂ ಒಂದು ಸಾಲು ಇರಬೇಕು.

ಟ್ಯಾಂಕ್ ಸವೆಯುವುದು ಹೊರಗೆ ಕಾಣುವುದಿಲ್ಲ. ಬಿಸಿ ಗಾಳಿ ಒಳಗೆ ಹೋಗಿ ತಣ್ಣಗಾದಾಗ ಅದರಲ್ಲಿನ ತೇವ ನೀರಾಗಿ ತಳಕ್ಕೆ ಇಳಿಯುತ್ತದೆ. ದಿನವೂ ಕೆಳಗಿನ ಕಾಕ್ ತಿರುಗಿಸಿ ಆ ನೀರು ಬಿಡದಿದ್ದರೆ ತಗಡು ಒಳಗಿನಿಂದಲೇ ತುಕ್ಕು ಹಿಡಿದು ತೆಳುವಾಗುತ್ತದೆ. ಮೇಲೆ ಬಳಿದ ಹೊಸ ಬಣ್ಣ ಇದನ್ನು ಇನ್ನಷ್ಟು ಮರೆಮಾಡುತ್ತದೆ. 150 ಪಿಎಸ್‌ಐ ಒತ್ತಡದಲ್ಲಿ 15 ಇಂಚು ವ್ಯಾಸದ ಟ್ಯಾಂಕಿನ ಒಂದು ತುದಿಯ ಮುಚ್ಚಳದ ಮೇಲೆ ಬೀಳುವ ಬಲ ಸುಮಾರು 12 ಟನ್. ಅದರ ಪಕ್ಕದಲ್ಲೇ ಹುಡುಗರು ಕುಳಿತು ಟ್ಯೂಬಿಗೆ ಪ್ಯಾಚ್ ಹಾಕುತ್ತಿರುತ್ತಾರೆ.

ಗಾಳಿಯ ಈ ಬಲ ಹಟ್ಟಿಗೆ ಹೊಸದಲ್ಲ. 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಎಂಬ ಹೆಸರಿನಲ್ಲಿ ಆರಂಭವಾದ ಇಲ್ಲಿನ ಚಿನ್ನದ ಗಣಿ ಕಂಪನಿಯಲ್ಲಿ ಬಂಡೆ ಕೊರೆಯುವ ಯಂತ್ರಗಳಿಗೆ ಶಕ್ತಿ ಕೊಟ್ಟದ್ದು ಕಂಪ್ರೆಸರ್ ಗಾಳಿಯೇ. ಗಣಿಗಳಿಗಾಗಿ 1961ರಲ್ಲಿ ಬಂದ ಲೋಹ ಗಣಿ ನಿಯಮಾವಳಿ ಗಾಳಿ ಟ್ಯಾಂಕಿನ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಸೇಫ್ಟಿ ವಾಲ್ವ್ ಮತ್ತು ಗೇಜ್ ಇರಲೇಬೇಕು. ಬಳಕೆಗೆ ಮುನ್ನ, ಪ್ರತಿ ರಿಪೇರಿಯ ನಂತರ, ಹಾಗೂ ಮೂರು ವರ್ಷ ಮೀರದಂತೆ, ಗರಿಷ್ಠ ಒತ್ತಡದ ಒಂದೂವರೆ ಪಟ್ಟಿನಲ್ಲಿ ನೀರು ತುಂಬಿ ಪರೀಕ್ಷೆ ಮಾಡಬೇಕು. ನೀರೇ ಯಾಕೆ? ನೀರು ಕುಗ್ಗುವುದು ತೀರಾ ಕಡಿಮೆ. ಟ್ಯಾಂಕ್ ಬಿರಿದರೂ ಸೋರಿ ನಿಲ್ಲುತ್ತದೆ. ಒತ್ತಿಟ್ಟ ಗಾಳಿ ಹಾಗಲ್ಲ, ಒಮ್ಮೆಲೇ ಹಿಗ್ಗಿ ತಗಡನ್ನು ಚೂರು ಮಾಡಿ ಎಸೆಯುತ್ತದೆ.

ಗಣಿಯ ಗೇಟಿನ ಹೊರಗೆ ಈ ನಿಯಮ ಇಲ್ಲ. 1948ರ ಕಾರ್ಖಾನೆ ಕಾಯ್ದೆಯ 31ನೇ ಕಲಂ ಕೂಡ ಒತ್ತಡದ ಯಂತ್ರಗಳ ಸುರಕ್ಷತೆಗೆಂದೇ ಬರೆದದ್ದು. ಆದರೆ ವಿದ್ಯುತ್ ಬಳಸುವ ಕಡೆ ಹತ್ತು ಮಂದಿಯಾದರೂ ಕೆಲಸಕ್ಕಿರಬೇಕು ಎಂಬ ಅದರ ಮಿತಿಯೊಳಗೆ ಇಬ್ಬರು ದುಡಿಯುವ ಅಂಗಡಿ ಬರಲೇ ಇಲ್ಲ. ಅಂಗಡಿಯ ಹುಡುಗನ ಜೀವಕ್ಕೆ ಕಡಿಮೆ ಕಾವಲು ಇರುವುದನ್ನು ಒಪ್ಪಲಾಗದು.

ಪಂಪ್ ಆಯ್ಕೆಯಲ್ಲೂ ಅಂದಾಜು ಕೆಲಸ ಬೇಡ. 1,440 ಸುತ್ತಿನ ಮೋಟರ್‌ಗೆ 5 ಇಂಚಿನ ಪುಲ್ಲಿ, ಪಂಪಿಗೆ 15 ಇಂಚಿನದು ಇದ್ದರೆ ಪಂಪ್ ನಿಮಿಷಕ್ಕೆ 480 ಸುತ್ತು ತಿರುಗುತ್ತದೆ. ಹೊಸ ಪಂಪಿನ ತಯಾರಕರು ಹೇಳಿದ ವೇಗ ಬೇರೆಯಿದ್ದರೆ ಪುಲ್ಲಿ ಬದಲಿಸಬೇಕು. ಬೇಗ ಗಾಳಿ ತುಂಬಲಿ ಎಂದು ವೇಗ ಏರಿಸಿದರೆ ಪಂಪ್ ಕಾದು ಕೆಡುತ್ತದೆ, ಮೋಟರಿಗೂ ಭಾರ. ಪಂಪಿನ ಶಕ್ತಿ ಎಷ್ಟೇ ಇರಲಿ, ಸೇಫ್ಟಿ ವಾಲ್ವ್ ಮಾತ್ರ ಟ್ಯಾಂಕಿನ ಪ್ಲೇಟಿನ ಮೇಲೆ ಬರೆದ ಒತ್ತಡವನ್ನು ಮೀರಬಾರದು. ಪ್ರೆಷರ್ ಸ್ವಿಚ್ ಕೈಕೊಟ್ಟ ದಿನ ಪಂಪ್ ತಳ್ಳುವ ಗಾಳಿಯನ್ನೆಲ್ಲ ಹೊರಬಿಡುವಷ್ಟು ದೊಡ್ಡದೂ ಆಗಿರಬೇಕು. ಪ್ಲೇಟೇ ಅಳಿಸಿಹೋದ ಟ್ಯಾಂಕ್, ವೆಲ್ಡಿಂಗ್ ಪ್ಯಾಚ್ ಹಾಕಿ ತೂತು ಮುಚ್ಚಿದ ಟ್ಯಾಂಕ್ ಗುಜರಿಗೆ ಹೋಗಲಿ. ಅಂಥದ್ದಕ್ಕೆ ಹೊಸ ಪಂಪಿನ ದುಡ್ಡು ಸುರಿಯುವುದು ಅಪಾಯವನ್ನು ಕೊಂಡು ತಂದಂತೆ.

ನೀರಿನ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ಕೈಯಿಂದ ಒತ್ತುವ ಪಂಪ್, ನಂಬಬಹುದಾದ ಗೇಜ್, ಕೆಲಸ ಬಲ್ಲ ಒಬ್ಬರು ಸಾಕು. ಅಂಥವರು ಹಟ್ಟಿಯಲ್ಲೇ ಇದ್ದಾರೆ. ಗಣಿ ಕಂಪನಿ ವರ್ಷಕ್ಕೆ ಕೆಲವು ದಿನ ತನ್ನ ತಂತ್ರಜ್ಞರನ್ನು ಕಳಿಸಿ, ಈ ಭಾಗದ ಐಟಿಐಗಳ ವಿದ್ಯಾರ್ಥಿಗಳ ಜೊತೆ ಸಣ್ಣ ಶುಲ್ಕಕ್ಕೆ ಅಂಗಡಿಗಳ ಟ್ಯಾಂಕುಗಳನ್ನು ಪರೀಕ್ಷಿಸಿಕೊಡಬೇಕು. ಪಾಸಾದ ಟ್ಯಾಂಕಿನ ಮೇಲೆ ಪರೀಕ್ಷೆಯ ದಿನಾಂಕವನ್ನೂ ಒತ್ತಡದ ಮಿತಿಯನ್ನೂ ಕನ್ನಡದಲ್ಲಿ, ದೂರದಿಂದ ಓದುವಷ್ಟು ದೊಡ್ಡದಾಗಿ ಬರೆಸಬೇಕು. ಭತ್ತದ ಮುಂದಿನ ಕೊಯ್ಲಿನ ಒಳಗೆ ಇದು ಶುರುವಾಗಲಿ.