ಬ್ಯಾಡಾದ ಮೇಲ್ ಎಲ್ಲಾ ಸ್ಪ್ಯಾಮ್ ಅಲ್ರಿ

ಬ್ಯಾಸರ ತರೋ ಮೇಲ್ ಕಂಡ್ರ ಸಾಕು, ನಮ್ಮ ಮನಿಯವರು 'ಸ್ಪ್ಯಾಮ್' ಅಂತ ಒತ್ತಿ ಕೈ ಝಾಡಿಸಿ ಬಿಡ್ತಾರ. ಸೀರಿ ಅಂಗಡಿ ಸೇಲೂ ಸ್ಪ್ಯಾಮ್, ಆರೋಗ್ಯ ವಿಮಾ ಕಂತಿನ ನೆನಪೂ ಸ್ಪ್ಯಾಮ್. ಇದು ನನಗ ಒಪ್ಪಿಗಿಲ್ಲ.

ಸ್ಪ್ಯಾಮ್ ಅಂದ್ರ ನಾವು ಕೇಳದನ ಸಾವಿರಾರು ಮಂದಿಗೆ ಒಮ್ಮೆಲೆ ತೂರಿದ್ದು. ಸೀರಿ ಅಂಗಡ್ಯಾಗ ಬಿಲ್ ಮಾಡಿಸೋ ಮುಂದ ನಾವೇ ಇಮೇಲ್ ಬರಸಿರ್ತೀವಿ. ಕರದ ಬೀಗರು ನಾಕು ದಿನ ಹೆಚ್ಚಿಗೆ ಉಳದಂಗ ಅದು. ಬ್ಯಾಸರ ಖರೆ, ಕಳ್ಳರಲ್ಲ. ಅವರಿಗೆ 'ಅನ್‌ಸಬ್‌ಸ್ಕ್ರೈಬ್' ಒತ್ತಿ ಬೀಳ್ಕೊಡಬೇಕು. ಗುರ್ತಿಲ್ಲದವರ 'ಲಾಟರಿ ಹತ್ತೇದ' ಮೇಲಿನ್ಯಾಗಿನ ಲಿಂಕ್ ಮಾತ್ರ ಮುಟ್ಟಬ್ಯಾಡ್ರಿ. ಈ ವಿಳಾಸದಾಗ ಮಂದಿ ಇದ್ದಾರ ಅಂತ ನಾವೇ ಹೇಳಿಕೊಟ್ಟಂಗ ಆಗ್ತದ. ಅಲ್ಲಿ ಸ್ಪ್ಯಾಮ್ ಗುಂಡಿನೇ ಸರಿ.

ಇನ್ನ ವಿಮಾದ್ದು. ರೊಕ್ಕಾ ಕೇಳೋ ಮೇಲ್ ಯಾರಿಗೆ ಬೇಕಾಗೇದ್ರಿ! ಆದ್ರ ಒಮ್ಮೆ ಸ್ಪ್ಯಾಮ್ ಅಂದ್ರ ಮುಂದಿನವೂ ಅಲ್ಲಿಗೇ ಹೋಗಬಹುದು. ಜಿಮೇಲಿನ್ಯಾಗ 30 ದಿನಕ್ಕ ಅವು ತಾವಾಗೇ ಅಳಿಸಿ ಹೋಗ್ತಾವ. ಕಂತು ತಪ್ಪಿ ಪಾಲಿಸಿ ನಿಂತ್ರ, ದವಾಖಾನಿ ಬಿಲ್ ಬಂದಾಗ ಯಾರನ್ನ ಕೇಳೋಣು? ಅದಕ್ಕ ಬ್ಯಾರೆ ಲೇಬಲ್ ಮಾಡಿ, ಫಿಲ್ಟರ್ ಹಾಕಿ, ಪಗಾರ ಆದ ದಿನ ತಗದು ನೋಡ್ರಿ. ಫಿಲ್ಟರ್ ಹಾಕೋ ಮುಂದ 'ಸ್ಪ್ಯಾಮಿಗೆ ಎಂದೂ ಕಳಿಸಬ್ಯಾಡ' ಅನ್ನೋದಕ್ಕೂ ಟಿಕ್ ಹಾಕಬೇಕು. ನಮ್ಮನ್ಯಾಗ ಅಷ್ಟು ಕೆಲಸ ನಾನೇ ಮಾಡಿಟ್ಟೀನಿ.