ಬಟ್ಟೆ ಮಡಚಲಿಕ್ಕೆ ಬರುವುದಿಲ್ಲವಂತೆ!

ಇಂಜಿನಿಯರಿಂಗ್ ಓದಿದವರು, ಕೋಟಿಗಟ್ಟಲೆ ಲೆಕ್ಕವನ್ನು ಒಂದು ಪೈಸೆ ತಪ್ಪದಂತೆ ತಾಳೆ ಹಾಕುವವರು, ಲೋಕಲ್ ಪೂರ್ತಿ ನಿಲ್ಲುವ ಮೊದಲೇ ಹಾರಿ ಕಿಟಕಿ ಸೀಟು ಹಿಡಿಯುವವರು... ಇವರಿಗೆಲ್ಲ ಬಾರದ ವಿದ್ಯೆ ಒಂದಿದೆ. ಬಟ್ಟೆ ಮಡಚುವುದು! "ನನಗೆ ಸರಿಯಾಗಿ ಬರುವುದಿಲ್ಲ ಮಾರಾಯ್ತಿ, ನೀನೇ ಮಡಚು." ಮುಂಬಯಿಯ ನಮ್ಮವರ ಮನೆಗಳಲ್ಲಿ ಈ ಮಾತು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ.

ಬರುವುದಿಲ್ಲವಂತೆ. ದಾದರಿನ ಯಾವುದಾದರೂ ಸೀರೆ ಅಂಗಡಿಗೆ ಹೋಗಿ ನೋಡಿ. ಐದೂವರೆ ಮೀಟರಿನ ಸೀರೆಗಳನ್ನು ರಾಶಿ ಹಾಕಿ ತೋರಿಸಿ, ನಾವು ಒಂದನ್ನೂ ತೆಗೆದುಕೊಳ್ಳದೆ ಎದ್ದು ಬಂದ ಮೇಲೆ ಎಲ್ಲವನ್ನೂ ಮಡಚಿ ಮೊದಲಿನಂತೆ ಇಡುವವರು ಯಾರು? ಹೆಚ್ಚಿನವರು ಗಂಡಸರೇ. ಇಸ್ತ್ರಿಯವನು ಅಂಗಿ ಮಡಚುವುದನ್ನು ನೋಡಿದ್ದೀರಲ್ಲ? ಸಂಬಳ ಸಿಗುವ ಕಡೆ ಕೈಗೆ ಬರುವ ವಿದ್ಯೆ ಮನೆಗೆ ಬಂದ ಕೂಡಲೇ ಮರೆತು ಹೋಗುವುದು ಹೇಗೆ ಸ್ವಾಮಿ?

ಸರಕಾರದವರೇ ನಡೆಸಿದ ಸಮಯ ಬಳಕೆಯ ಸಮೀಕ್ಷೆ ಇದೆ. 2019ರಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97 ನಿಮಿಷ. ಅದೂ ಮಾಡುವ ಗಂಡಸರ ಲೆಕ್ಕ ಮಾತ್ರ, ಮಾಡದವರು ಇದರಲ್ಲಿಲ್ಲ. 2024ರ ಸಮೀಕ್ಷೆಯಲ್ಲಿ ಹೆಂಗಸರದ್ದು 289 ಆಯಿತು. ಗಂಡಸರದ್ದು? 88! ಐದು ವರ್ಷದಲ್ಲಿ ಮುಂದೆ ಹೋಗುವ ಬದಲು ಹಿಂದೆ ಬಂದಿದ್ದಾರೆ.

ಊರಿನಲ್ಲಾದರೆ ಅಂಗಳವಿತ್ತು, ಒಣಗಿದ ಹಾಗೆ ನಾಲ್ಕು ನಾಲ್ಕೇ ತೆಗೆದು ಮಡಚಬಹುದಿತ್ತು. ಇಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಇಡೀ ಮನೆಯೇ ಬಟ್ಟೆಯ ಹಗ್ಗ. ಫ್ಯಾನಿನ ಕೆಳಗೆ ಮೂರು ದಿನ ನೇತಾಡಿ ಎಲ್ಲ ಒಟ್ಟಿಗೆ ಒಣಗುತ್ತವೆ, ಒಟ್ಟಿಗೆ ಕುರ್ಚಿಯ ಮೇಲೆ ಗುಡ್ಡೆ ಬೀಳುತ್ತವೆ. ಒಗೆಯಲಿಕ್ಕೆ ಬಾಯಿ ಇದ್ದಾಳೆ, ಮೆಷಿನ್ ಇದೆ. ಮಡಚಲಿಕ್ಕೆ? ಒಂದೇ ಕಪಾಟಿನಲ್ಲಿ ನಾಲ್ಕು ಜನರ ಬಟ್ಟೆ ಹಿಡಿಸಬೇಕಾದರೆ ಒಂದೇ ಅಳತೆಗೆ ಮಡಚಲೇಬೇಕು. ಈ "ಒಂದೇ ಅಳತೆ" ಬರುವುದಿಲ್ಲ ಎನ್ನುವುದೇ ಅವರ ನೆಪ.

ಆ ನೆಪಕ್ಕೆ ಮದ್ದು ರಟ್ಟಿನಲ್ಲಿದೆ. ಅಮೆರಿಕದ 'ದ ಬಿಗ್ ಬ್ಯಾಂಗ್ ಥಿಯರಿ' ಧಾರಾವಾಹಿಯ ಶೆಲ್ಡನ್ ಬಟ್ಟೆ ಮಡಚುವ ಹಲಗೆ ನೆನಪಿದೆಯೇ? ಅಂಥದ್ದು ಪ್ಲಾಸ್ಟಿಕ್ಕಿನದ್ದು ಆನ್‌ಲೈನಿನಲ್ಲಿ ಸಿಗುತ್ತದೆ. ದಯವಿಟ್ಟು ಕೊಳ್ಳಬೇಡಿ. ರದ್ದಿಯವನಿಗೆ ಕೊಡುವ ಟಿವಿಯ ಖಾಲಿ ಪೆಟ್ಟಿಗೆ ಸಾಕು. 25 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಉದ್ದದ ಎರಡು ತುಂಡು, ಅದೇ ಅಗಲದ 30 ಸೆಂಟಿಮೀಟರ್ ಉದ್ದದ ಇನ್ನೆರಡು ತುಂಡು ಕತ್ತರಿಸಿ. ಉದ್ದದವು ಎಡಕ್ಕೊಂದು ಬಲಕ್ಕೊಂದು, ಗಿಡ್ಡದವು ನಡುವೆ ಒಂದರ ಕೆಳಗೊಂದು. ಎಲ್ಲದರ ಮಧ್ಯೆ ಅರ್ಧ ಸೆಂಟಿಮೀಟರ್ ಸಂದು ಬಿಡಲೇಬೇಕು, ಇಲ್ಲದಿದ್ದರೆ ರಟ್ಟು ಮಗುಚುವುದಿಲ್ಲ. ಪ್ಯಾಕಿಂಗಿನ ಅಗಲ ಟೇಪು ಹಚ್ಚುವುದು ಮೂರೇ ಕಡೆ: ನಡುವಿನ ಮೇಲಿನ ತುಂಡನ್ನು ಎಡಕ್ಕೆ, ಬಲಕ್ಕೆ, ಮತ್ತೆ ಅದರ ಕೆಳಗಿನ ತುಂಡಿಗೆ. ಎರಡೂ ಬದಿಗೆ ಹಚ್ಚಿ. ಕೆಳಗಿನ ತುಂಡನ್ನು ಅಕ್ಕಪಕ್ಕಕ್ಕೆ ಅಂಟಿಸಬೇಡಿ, ಅದು ಒಂಟಿಯಾಗಿ ಮೇಲೇಳಬೇಕು.

ಅಂಗಿಯನ್ನು ಬೆನ್ನು ಮೇಲೆ ಬರುವಂತೆ, ಕಾಲರ್ ಮೇಲಿನ ಅಂಚಿಗೆ ಬರುವಂತೆ ಹರಡಿ. ಉದ್ದ ತೋಳಾದರೆ ಮೊದಲು ಕೆಳಕ್ಕೆ ತಿರುಗಿಸಿ. ಎಡ ರೆಕ್ಕೆ ಮಗುಚಿ ವಾಪಸ್ಸು ತನ್ನಿ, ಬಲದ್ದೂ ಹಾಗೆಯೇ, ಆಮೇಲೆ ಕೆಳಗಿನ ತುಂಡು ಮೇಲಕ್ಕೆ. ಮುಗಿಯಿತು! ಏಳು ವರ್ಷದ ಮಗುವೂ ಮಾಡುತ್ತದೆ, ಎಪ್ಪತ್ತು ವರ್ಷದ ಮಾವನವರೂ ಮಾಡಬಹುದು. ಕೆಲಸವಾದ ಮೇಲೆ ಹಲಗೆಯನ್ನೇ ಮಡಚಿ ಕಪಾಟಿನ ಹಿಂದೆ ತೂರಿಸಿ.

ಗೆಳತಿಯೊಬ್ಬಳ ವಾದ ಬೇರೆ. "ಗಂಡಸರು ಕೈಯಲ್ಲೇ ಕಲಿಯಲಿ, ಮಕ್ಕಳಿಗೆ ಕೊಟ್ಟ ಹಾಗೆ ಆಟಿಕೆ ಯಾಕೆ ಕೊಡುತ್ತೀ?" ಮಾತು ಕೇಳಲಿಕ್ಕೆ ಚೆಂದ. ಆದರೆ ಅವಳ ಮನೆಯಲ್ಲಿ ಆಗುವುದೇನು ಗೊತ್ತೇ? ಗಂಡ ಮಡಚಿದ್ದನ್ನು ಇವಳು ಬಿಚ್ಚಿ ಮತ್ತೆ ಮಡಚುತ್ತಾಳೆ. ಎರಡು ಸಲ ಹೀಗಾದರೆ ಮೂರನೆಯ ಸಲ ಅವನು ಯಾಕೆ ಕೈ ಹಚ್ಚುತ್ತಾನೆ? "ನನ್ನ ಹಾಗೆ ನೀಟಾಗಿ ಯಾರಿಗೂ ಬರುವುದಿಲ್ಲ" ಎನ್ನುವ ಹೆಮ್ಮೆ ನಮಗೂ ಇದೆ, ಸುಳ್ಳು ಹೇಳುವುದು ಬೇಡ. ಹಲಗೆಯಲ್ಲಿ ಮಡಚಿದ ಅಂಗಿ ಯಾರು ಮಡಚಿದ್ದೆಂದು ಗೊತ್ತಾಗುವುದಿಲ್ಲ. ಅವರಿಗೆ ನೆಪವಿಲ್ಲ, ನಮಗೆ ತಪ್ಪು ಹುಡುಕಲಿಕ್ಕೆ ಜಾಗವಿಲ್ಲ. ನನಗೆ ಬೇಕಾದದ್ದೂ ಅದೇ.

ಸೀರೆ, ಪಂಚೆ, ಬೆಡ್‌ಶೀಟು ಇದರಲ್ಲಿ ಆಗುವುದಿಲ್ಲ. ಅದಕ್ಕೆ ಇಬ್ಬರು ಬೇಕು, ಎರಡು ತುದಿಗೆ ಒಬ್ಬೊಬ್ಬರು. ಕರೆಯಿರಿ, ಟಿವಿ ಮುಂದೆ ಒಬ್ಬರು ಖಾಲಿ ಕೂತಿರುತ್ತಾರೆ.

ಹಲಗೆಯನ್ನು ನೀವು ಮಾಡಿ ಕೊಡಬೇಡಿ. ಭಾನುವಾರ ಬೆಳಿಗ್ಗೆ ರಟ್ಟು, ಸ್ಕೇಲು, ಟೇಪು ಎದುರಿಗಿಟ್ಟು ಅಳತೆ ಹೇಳಿ, ಅಷ್ಟೇ. ಮಳೆಗಾಲದಲ್ಲಿ ಟೇಪು ಬಿಟ್ಟುಕೊಳ್ಳುತ್ತದೆ, ಮತ್ತೆ ಹಚ್ಚುವ ಕೆಲಸವೂ ಅವರದ್ದೇ ಎಂದು ಮೊದಲೇ ಹೇಳಿಬಿಡಿ.